ಮಗಳಿಗೊಂದು ಪತ್ರ: 'ಕಾಕಾಗ ಯಾಕ ತ್ರಾಸು?'

ಬೆಳಗಾವಿ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಆರಾಮ ಇದ್ದೇವೆ. ನಿಮ್ಮವ್ವನ ಮೊಣಕಾಲು ನೋವು ಸ್ವಲ್ಪ ಕಡಿಮೆಯಾಗಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನಾನು ಎರಡೇ ಮಾತಿಗೆ 'ಆಯ್ತು, ಇಡ್ತೀನಿ' ಅಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ದೀಪಾವಳಿ ಸೂಟಿಗೆ ಬಂದಾಗ ಊಟಕ್ಕೆ ಕೂತು ನೀನೊಂದು ಮಾತು ಹೇಳಿದೆ. ನಿನ್ನ ಆಫೀಸಿನಲ್ಲಿ ಒಂದು ಹುದ್ದೆಗೆ ಇನ್ನೂರಕ್ಕೂ ಜಾಸ್ತಿ ಅರ್ಜಿ ಬಂದಿದ್ದವು. 40 ದಾಟಿದವರ ಅರ್ಜಿ ಮೊದಲೇ ಬದಿಗಿಟ್ಟರೆ ಕೆಲಸ ಹಗುರ ಅಂತ ನಿನ್ನ ಮೇಲಿನವರು ಹೇಳಿಕೊಟ್ಟರು. ನೀನು ಹಾಗೇ ಮಾಡಿದೆ. ಹೇಳುವಾಗ ನಿನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ನನಗೆ ಗೊತ್ತು. ನಿಮ್ಮವ್ವ ನನ್ನ ಮುಖ ನೋಡಿದಳು. ನಾನು ರೊಟ್ಟಿ ಮುರಿಯುತ್ತಾ ಸುಮ್ಮನಿದ್ದೆ.

ಸುಮ್ಮನಿದ್ದದ್ದು ತಪ್ಪಾಯಿತು. 2019ರಲ್ಲಿ ನಾನು ಫೌಂಡ್ರಿ, ಆ ಎರಕದ ಕಾರ್ಖಾನೆ, ಯಾಕೆ ಬಿಟ್ಟೆ ಅಂತ ನಿನಗೆ ಸರಿಯಾಗಿ ಹೇಳಿಲ್ಲ. ಆಗ ನೀನು ಕಾಲೇಜಿನಲ್ಲಿದ್ದೆ. 'ಬೆಂಕಿ ಮುಂದೆ ನಿಂತು ಸಾಕಾಯ್ತು, ಬಿಟ್ಟೆ' ಅಂದಿದ್ದೆ. ಅದು ನಿಜ ಅಲ್ಲ.

1993ರಲ್ಲಿ ಉದ್ಯಮಬಾಗದ ಆ ಫೌಂಡ್ರಿ ಸೇರಿದಾಗ ನನಗೆ 25. ಅದರ ಹೆಸರು ಇಲ್ಲಿ ಬೇಡ. ನಮ್ಮ ಮನೆ ಎದ್ದದ್ದು ಅಲ್ಲಿಯ ಪಗಾರದಿಂದ, ನಿನ್ನ ಫೀ ಕಟ್ಟಿದ್ದೂ ಅದರಿಂದಲೇ. ನನ್ನದು ಉಸುಕಿನ ಕೆಲಸ, ಸಾಚಾ ಅಂದರೆ ಎರಕ ಹೊಯ್ಯುವ ಉಸುಕಿನ ಅಚ್ಚು ಕಟ್ಟುವ ಕೆಲಸ. ಹಸಿ ಉಸುಕಿನಲ್ಲಿ ನೀರು ನೂರಕ್ಕೆ ಮೂರು ನಾಲ್ಕು ಪಾಲು ಇರಬೇಕು. ಜಾಸ್ತಿಯಾದರೆ ಬೀಡು, ಅಂದರೆ ಕರಗಿದ ಕಬ್ಬಿಣ, ಸುರಿದ ಕೂಡಲೇ ಹಬೆಯೆದ್ದು ಎರಕದೊಳಗೆ ತೂತು ಬೀಳುತ್ತವೆ. ಕಡಿಮೆಯಾದರೆ ಸಾಚಾದ ಅಂಚು ಉದುರುತ್ತದೆ. ಅಳೆಯುವ ಮಷಿನ್ ಬಂದ ಮೇಲೂ ಹುಡುಗರು ಮುಷ್ಟಿಯಲ್ಲಿ ಉಸುಕು ಹಿಡಿದು ನನ್ನ ಹತ್ತಿರ ಬರುತ್ತಿದ್ದರು. ಹಿಸುಕಿ, ಮುರಿದು, ಮುರಿದ ಅಂಚು ನೋಡಿ ಹೇಳುತ್ತಿದ್ದೆ.

50ರ ಹತ್ತಿರ ಬಂದಾಗ ಏನೋ ಬದಲಾಯಿತು. ಯಾರೂ ಬೈಯಲಿಲ್ಲ, ಯಾರೂ 'ನಿನಗೆ ವಯಸ್ಸಾಯ್ತು' ಅನ್ನಲಿಲ್ಲ. ಎಲ್ಲ ಪ್ರೀತಿಯಿಂದಲೇ ನಡೆಯಿತು. ಹುಡುಗರು ನನ್ನನ್ನು ಕಾಕಾ ಅನ್ನುತ್ತಿದ್ದರು. ನಮ್ಮ ಕಡೆ ಹಿರಿಯರಿಗೆ ಅನ್ನುವ ಮಾತು ಅದು, ನನಗೂ ಇಷ್ಟವೇ. ಆದರೆ ಆಮೇಲಾಮೇಲೆ ಆ ಮಾತಿನ ಹಿಂದೆ ಇನ್ನೊಂದು ಸೇರಿಕೊಂಡಿತು. 'ಮೀಟಿಂಗಿಗೆ ಕಾಕಾ ಬೇಡ ಬಿಡ್ರಿ.' 'ಹೊಸ ಪಾರ್ಟಿ ಜೊತೆ ಮಾತಾಡಾಕ ಹುಡುಗರು ಹೋಗ್ಲಿ, ಕಾಕಾಗ ಯಾಕ ತ್ರಾಸು?' ಕೆಲಸದ ವಾಟ್ಸಾಪ್ ಗುಂಪು ಹೊಸದಾಗಿ ಮಾಡಿದರು. ಅದರಲ್ಲಿ ನನ್ನ ನಂಬರ್ ಇರಲಿಲ್ಲ. ಮರೆತಿರಬೇಕು ಅಂದುಕೊಂಡೆ.

2018ರಲ್ಲಿ ಒಂದು ಸಾಫ್ಟ್‌ವೇರ್ ತಂದರು. ಬೀಡು ಸಾಚಾದೊಳಗೆ ಹೇಗೆ ಹರಿಯುತ್ತದೆ, ಎಲ್ಲಿ ಮೊದಲು ತಣ್ಣಗಾಗುತ್ತದೆ ಅಂತ ಸುರಿಯುವ ಮೊದಲೇ ಕಂಪ್ಯೂಟರಿನಲ್ಲಿ ತೋರಿಸುತ್ತದೆ. ನೋಡಿ ನನಗೆ ಮೈ ಜುಂ ಅಂದಿತು. 25 ವರ್ಷ ಕಣ್ಣಿಗೆ ಕಾಣದೆ ಊಹೆಯ ಮೇಲೆ ಮಾಡಿದ್ದು ಪರದೆ ಮೇಲೆ ಬಣ್ಣದಲ್ಲಿ ಕಾಣುತ್ತಿತ್ತು. ತರಬೇತಿಗೆ ಮೂವರನ್ನು ಕಳಿಸಿದರು. ನಾನೂ ಹೋಗುತ್ತೇನೆ ಅಂತ ಕೇಳಿದೆ. 'ನಿಮಗ ಇನ್ನ ಎಷ್ಟ ವರ್ಷ ಐತಿ ಕಾಕಾ, ಆರಾಮ ಇರ್ರಿ' ಅಂದರು ಸಾಹೇಬರು. ನಾನು ನಕ್ಕು ಬಂದೆ. ಕರ್ನಾಟಕದಲ್ಲಿ ಕಾರ್ಖಾನೆಗಳ ಮಾದರಿ ಸ್ಥಾಯಿ ಆದೇಶದಲ್ಲಿ, ಅಂದರೆ ನೌಕರಿಯ ಷರತ್ತು ಬರೆದ ಸರ್ಕಾರದ ನಮೂನೆಯಲ್ಲಿ, ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದು 2017ರಲ್ಲಿ. ಅಂದರೆ ನನಗೆ ಇನ್ನೂ ಹತ್ತು ವರ್ಷ ಇತ್ತು. ಹತ್ತು ವರ್ಷ, ಮಗಳೇ. ನಕ್ಕು ಬರುವಷ್ಟು ಸಣ್ಣ ಲೆಕ್ಕ ಅಲ್ಲ ಅದು.

2019ರಲ್ಲಿ ಗಾಡಿಗಳ ಮಾರಾಟ ಬಿತ್ತು, ಫೌಂಡ್ರಿಗಳಿಗೆ ಆರ್ಡರ್ ಕಡಿಮೆಯಾಯಿತು. ಆಗಸ್ಟಿನಲ್ಲಿ ಪ್ರವಾಹ ಬಂದದ್ದು ನಿನಗೂ ನೆನಪಿರಬೇಕು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದ್ದವು. ಆ ಮಳೆ ನಿಂತ ವಾರ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಚಹಾ ತರಿಸಿದರು. ಕಂಪನಿಗೆ ತ್ರಾಸಾಗಿದೆ, ಮುಂದೆ ಸಾಫ್ಟ್‌ವೇರ್ ಬರುವವರೇ ಬೇಕು, ನಿಮಗೆ ಅದು ಬರುವುದಿಲ್ಲವಲ್ಲ ಅಂದರು. ಕಾಗದ ಮೊದಲೇ ಟೈಪ್ ಆಗಿತ್ತು. 'ವೈಯಕ್ತಿಕ ಕಾರಣಗಳಿಂದ ರಾಜೀನಾಮೆ' ಅಂತ ಇತ್ತು. ಚಹಾ ಆರುವ ಮೊದಲೇ ಸಹಿ ಹಾಕಿದೆ.

ಇದನ್ನು ಎಷ್ಟು ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೋ. ಮೊದಲು ಕಲಿಯಲು ಬಿಡಲಿಲ್ಲ. ಆಮೇಲೆ 'ಕಲಿತಿಲ್ಲ' ಅಂತ ತೆಗೆದರು. ನೀನು ಏನು ಮರೆತರೂ ಇದನ್ನು ಮರೆಯಬೇಡ. ನಿನ್ನ ಆಫೀಸಿನಲ್ಲಿ ಯಾರನ್ನಾದರೂ 'ಹೊಸದಕ್ಕೆ ಹೊಂದಿಕೊಳ್ಳುವುದಿಲ್ಲ' ಅಂತ ಬರೆದರೆ, ಹಿಂದಿನ ಎರಡು ಮೂರು ವರ್ಷದ ತರಬೇತಿ ಪಟ್ಟಿ ತೆಗೆದು ನೋಡು. ಅವರ ಹೆಸರು ಅದರಲ್ಲಿ ಇತ್ತಾ? ಅವರಾಗಿ ಬೇಡ ಅಂದರಾ, ಇಲ್ಲ ಯಾರೂ ಕೇಳಲೇ ಇಲ್ಲವಾ?

ಐದು ತಿಂಗಳಿಗೆ ನನ್ನ ಜಾಗಕ್ಕೆ ಇಬ್ಬರು ಡಿಪ್ಲೊಮಾ ಹುಡುಗರು ಬಂದರು ಅಂತ ಕೇಳಿದೆ. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಮನೆ ಇದೆ, ಸಾಲ ಇದೆ.

ಸಹಿ ಹಾಕಿ ಏನು ಕಳೆದುಕೊಂಡೆ ಅಂತ ಗೊತ್ತಾದದ್ದು ಮರುವರ್ಷ, ಒಬ್ಬ ವಕೀಲರ ಮುಂದೆ ಕೂತಾಗ. ಆಗ ಇದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಕಂಪನಿಗೆ ಆಳು ಜಾಸ್ತಿ ಅಂತ ಕಾರ್ಮಿಕನನ್ನು ತೆಗೆಯುವುದಾದರೆ ಒಂದು ತಿಂಗಳ ನೋಟಿಸು ಕೊಡಬೇಕು, ಇಲ್ಲವೇ ಆ ತಿಂಗಳ ಪಗಾರ. ಅದರ ಮೇಲೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ. ನನ್ನ 26 ವರ್ಷಕ್ಕೆ 390 ದಿನ, ಅಂದರೆ 13 ತಿಂಗಳ ಪಗಾರ. ಗ್ರಾಚ್ಯುಟಿ ಬೇರೆ, ಅದು ಹೇಗಿದ್ದರೂ ಬರುತ್ತದೆ, ನನಗೂ ಬಂತು. ಇನ್ನೊಂದು ನಿಯಮ ಕೇಳಿ ನಾನು ಅಲ್ಲೇ ತಲೆ ತಗ್ಗಿಸಿದೆ. ಒಂದೇ ಬಗೆಯ ಕೆಲಸದವರಲ್ಲಿ ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ಬೇರೆ ಮಾಡುವುದಾದರೆ ಕಾರಣ ಬರೆದಿಡಬೇಕು. ಮುಂದೆ ಮತ್ತೆ ಆಳು ಬೇಕಾದಾಗ ತೆಗೆದವರಿಗೆ ಮೊದಲ ಅವಕಾಶ ಕೊಡಬೇಕು. ಇವೆಲ್ಲ ತೆಗೆದವರಿಗೆ. ತಾವಾಗಿ ಬಿಟ್ಟವರಿಗೆ ಇಲ್ಲ. ಕಾಗದದ ಮೇಲೆ ನಾನು ತಾನಾಗಿ ಬಿಟ್ಟವನು.

'ಆದರೆ ಅಪ್ಪ ಸೂಪರ್‌ವೈಸರ್ ಆಗಿದ್ದೆಯಲ್ಲ' ಅಂತ ನೀನು ಕೇಳಬಹುದು. ತಿಂಗಳಿಗೆ 10,000 ರೂಪಾಯಿಗಿಂತ ಜಾಸ್ತಿ ಪಗಾರದ ಮೇಲ್ವಿಚಾರಕರು ಆ ಕಾಯ್ದೆಯಲ್ಲಿ ಕಾರ್ಮಿಕರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆದರೆ ಕೋರ್ಟು ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನಾ ಮಾಡುವ ಮುಖ್ಯ ಕೆಲಸವನ್ನು. ನಾನು ಕೊನೆಯ ದಿನದವರೆಗೂ ಉಸುಕಿನಲ್ಲಿ ಕೈ ಹಾಕಿ ದುಡಿದವನು. ಈಗ 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಆ ಮಿತಿ 18,000 ಆಗಿದೆ. ನೋಟಿಸು, 15 ದಿನದ ಲೆಕ್ಕ, ಕೊನೆಗೆ ಬಂದವರು ಮೊದಲು ಅನ್ನುವ ನಿಯಮ, ಇವು ಅದರಲ್ಲೂ ಇವೆ. ನೀನು ಎಚ್.ಆರ್. ವಿಭಾಗದಲ್ಲಿ ಇರುವವಳು, ಇದನ್ನು ನನಗಿಂತ ಚೆನ್ನಾಗಿ ಓದಿಕೊಂಡಿರಬೇಕು.

ಆದರೆ ಒಂದು ಮಾತು ಸ್ಪಷ್ಟ ಇರಲಿ. ಖಾಸಗಿ ಕೆಲಸದಲ್ಲಿ ವಯಸ್ಸಿನ ತಾರತಮ್ಯ ಮಾಡಬಾರದು ಅಂತ ನಮ್ಮ ದೇಶದಲ್ಲಿ ಬೇರೆ ಕಾಯ್ದೆಯೇ ಇಲ್ಲ. ಅಮೆರಿಕದಲ್ಲಿ 40 ದಾಟಿದವರಿಗಾಗಿ 1967ರಲ್ಲೇ ಮಾಡಿದರು. ನಮ್ಮ ಸಂವಿಧಾನದ 15 ಮತ್ತು 16ನೇ ವಿಧಿಗಳಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಎಲ್ಲ ಇವೆ, ವಯಸ್ಸು ಅನ್ನುವ ಪದ ಇಲ್ಲ. ಸರ್ಕಾರಿ ನೌಕರಿಗೂ ವಯಸ್ಸಿನ ಮಿತಿ ಇರುವುದನ್ನು ನಾವು ಸಣ್ಣವರಿದ್ದಾಗಿನಿಂದ ನೋಡಿದ್ದೇವೆ. ಅದಕ್ಕೇ '35ರ ಒಳಗಿನವರು ಬೇಕಾಗಿದ್ದಾರೆ' ಅನ್ನುವ ಬೋರ್ಡು ನಮಗೆ ತಪ್ಪು ಅಂತ ಕಾಣುವುದೇ ಇಲ್ಲ. ಕೆಲಸ ಬಿಟ್ಟ ಮೇಲೆ ಉದ್ಯಮಬಾಗದಿಂದ ಮಚ್ಛೆವರೆಗೆ ಅಂಥ ಎಷ್ಟೋ ಗೇಟುಗಳ ಮುಂದೆ ಬೈಕು ನಿಲ್ಲಿಸಿದ್ದೇನೆ. ಒಂದು ಕಡೆ ನಿನ್ನ ವಯಸ್ಸಿನ ಹುಡುಗಿ ನನ್ನ ಅರ್ಜಿಯಲ್ಲಿ ಹುಟ್ಟಿದ ವರ್ಷ ನೋಡಿದಳು. ಉಳಿದದ್ದನ್ನು ಓದಲೇ ಇಲ್ಲ. ಕಾಗದ ತಿರುಗಿಸಿ ಇಟ್ಟಳು. ದೀಪಾವಳಿಯಲ್ಲಿ ನೀನು ಆ ಮಾತು ಹೇಳಿದಾಗ ನನಗೆ ಕಂಡದ್ದು ಆ ಹುಡುಗಿಯ ಕೈ.

ನಿನಗೆ ನೋವಾಗಲಿ ಅಂತ ಬರೆಯುತ್ತಿಲ್ಲ. ನಾನೂ ಅದನ್ನೇ ಮಾಡಿದ್ದೇನೆ. 2004ರ ಸುಮಾರಿಗೆ ಖಾನಾಪುರ ಕಡೆಯ ಒಬ್ಬ ಹಿರಿಯ ಮೋಲ್ಡರ್ ನನ್ನ ಪಾಳಿಯಲ್ಲಿ ಇದ್ದರು. ಮುಷ್ಟಿಯಲ್ಲಿ ಉಸುಕು ನೋಡುವುದನ್ನು ನನಗೆ ಕಲಿಸಿದ್ದೇ ಅವರು. ಆಗ ನನಗೆ 36, ಮೈಯಲ್ಲಿ ಕಸುವಿತ್ತು. ಅವರು ನಿಧಾನ ಆಗಿದ್ದಾರೆ ಅಂತ ನಾನೇ ಸಾಹೇಬರಿಗೆ ಹೇಳಿ ಗೋದಾಮಿಗೆ ಹಾಕಿಸಿದೆ. ಅವರನ್ನು ಒಂದು ಮಾತೂ ಕೇಳಲಿಲ್ಲ. ಅವರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಗೋದಾಮಿನಲ್ಲಿ ಓವರ್‌ಟೈಮ್ ಇರಲಿಲ್ಲ, ಅದು ನನ್ನ ತಲೆಗೆ ಹೊಳೆಯಲೂ ಇಲ್ಲ. ಆ ವರ್ಷ ನಮ್ಮ ಪಾಳಿಯಲ್ಲಿ ತೂತು ಬಿದ್ದ ಎರಕ ಜಾಸ್ತಿಯಾದವು.

ಹಾಗಂತ ವಯಸ್ಸಿನ ಮಾತೆಲ್ಲ ಅನ್ಯಾಯ ಅಂತ ನಾನು ಹೇಳುವುದಿಲ್ಲ. 45ರ ನಂತರ ನನಗೆ ಹತ್ತಿರದ ಅಕ್ಷರ ಮಸುಕಾಯಿತು, ಕನ್ನಡಕ ಬಂತು. ಭಟ್ಟಿಯ ಮುಂದೆ 1,400 ಡಿಗ್ರಿಯ ಬೀಡು ಹಿಡಿದು ನಿಲ್ಲುವಾಗ ಎಚ್ಚರ ಬೇಕು. ಕೆಲಸಕ್ಕೆ ಕಣ್ಣು, ಕೈ ಬೇಕಿದ್ದರೆ ಕಣ್ಣು, ಕೈ ಪರೀಕ್ಷೆ ಮಾಡಲಿ. 30ರವನಿಗೂ ಅದೇ ಪರೀಕ್ಷೆ ಇರಲಿ. ಪಾಸಾಗದಿದ್ದರೆ ನಾನೇ ಹಿಂದೆ ಸರಿಯುತ್ತೇನೆ. ಹುಟ್ಟಿದ ವರ್ಷ ಪರೀಕ್ಷೆ ಅಲ್ಲವಲ್ಲ. ನಿನ್ನದೇ ನೋಡು. ಮೀಟಿಂಗಿನಲ್ಲಿ 'ನೀನಿನ್ನೂ ಸಣ್ಣವಳು' ಅಂತ ನಿನ್ನ ಮಾತು ತಡೆಯುತ್ತಾರೆ ಅಂತ ನೀನೇ ಅವತ್ತು ಹೇಳಿದ್ದೆ. ಅದೂ ಇದೇ ರೋಗ, ಇನ್ನೊಂದು ತುದಿಯಿಂದ.

ನೀನು ಹೆಣ್ಣುಮಗಳು, ನಿನಗೆ ಇದು ನನಗಿಂತ ಬೇಗ ತಟ್ಟಬಹುದು. ಏರ್ ಇಂಡಿಯಾದಲ್ಲಿ ಗಗನಸಖಿಯರು ಒಂದು ಕಾಲಕ್ಕೆ 35ಕ್ಕೆ ನಿವೃತ್ತಿ ಆಗಬೇಕಿತ್ತು. ಅದೇ ವಿಮಾನದ ಗಂಡಸರು 58ರವರೆಗೆ ಇರುತ್ತಿದ್ದರು. ನರ್ಗೇಶ್ ಮಿರ್ಜಾ ಮತ್ತು ಜೊತೆಯವರು ಕೋರ್ಟಿಗೆ ಹೋದರು. 1981ರಲ್ಲಿ ಸುಪ್ರೀಂ ಕೋರ್ಟು, ಮೊದಲ ಸಲ ಗರ್ಭಿಣಿಯಾದರೆ ಕೆಲಸ ಹೋಗುವ ನಿಯಮವನ್ನು ರದ್ದು ಮಾಡಿತು. 35ರ ನಂತರ ಯಾರನ್ನು ಉಳಿಸಿಕೊಳ್ಳಬೇಕು ಅನ್ನುವುದನ್ನು ಒಬ್ಬ ಅಧಿಕಾರಿಯ ಮರ್ಜಿಗೆ ಬಿಟ್ಟದ್ದೂ ಸರಿಯಲ್ಲ ಅಂದಿತು. ಕೇಳಿದ್ದೆಲ್ಲ ಅವರಿಗೆ ಸಿಗಲಿಲ್ಲ. ಆದರೆ ಕೇಳಿದ್ದಕ್ಕೇ ಅಷ್ಟು ಸಿಕ್ಕಿತು.

ನಾಳೆ ನಿನಗೇ ಹೀಗಾದರೆ, ಇಲ್ಲ ನಿನ್ನ ಎದುರು ಕೂತವರು ಏನು ಮಾಡಲಿ ಅಂತ ಕೇಳಿದರೆ, ಮೊದಲು ಹೇಳಬೇಕಾದ್ದು ಇದು: ಅವತ್ತೇ ಸಹಿ ಹಾಕಬೇಡಿ. ಕಾಗದ ಮನೆಗೆ ತೆಗೆದುಕೊಂಡು ಹೋಗಿ, ಒಂದು ರಾತ್ರಿ ಕಳೆಯಲಿ. ನಾನು ಆ ಒಂದು ರಾತ್ರಿ ಕೇಳಿದ್ದರೆ ನಿಮ್ಮವ್ವ ಸಹಿ ಹಾಕಲು ಬಿಡುತ್ತಿರಲಿಲ್ಲ. ತರಬೇತಿಗೆ ಕೇಳಿದರೆ ಬಾಯಿಮಾತಲ್ಲಿ ಕೇಳಬಾರದು, ಮೇಲ್ ಹಾಕಬೇಕು. ಬೇಡ ಅಂದರೆ ಅದೂ ಬರಹದಲ್ಲಿ ಇರಲಿ. ಯಾರು, ಯಾವ ದಿನ, ಏನು ಅಂದರು ಅಂತ ಮನೆಯ ಡೈರಿಯಲ್ಲಿ ಬರೆದಿಡಬೇಕು. ಇನ್‌ಕ್ರಿಮೆಂಟ್ ಪತ್ರ, ಮೆಚ್ಚುಗೆ ಪತ್ರ ಬಿಸಾಡಬಾರದು. ನನ್ನ ಹತ್ತಿರ ಕೆಟ್ಟ ಎರಕದ ರಿಜೆಕ್ಷನ್ ಕಡಿಮೆ ಮಾಡಿದ್ದಕ್ಕೆ ಕೊಟ್ಟ ಎರಡು ಪತ್ರ ಇದ್ದವು, ಮನೆ ಸುಣ್ಣ ಹೊಡೆಯುವಾಗ ಎಲ್ಲೋ ಹೋದವು. ಮಾತಾಡಿ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿ ಇದ್ದಾರೆ. ವಕೀಲರ ಫೀಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಕಾರ್ಖಾನೆಯ ಕಾರ್ಮಿಕರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ನನಗೆ ಇದು ಆಗ ಯಾರೂ ಹೇಳಲಿಲ್ಲ.

ನಾನು ಈಗ ಆರಾಮ ಇದ್ದೇನೆ ಅಂತ ನಿನಗೆ ಗೊತ್ತು. ಮಚ್ಛೆಯ ಈ ಸಣ್ಣ ವರ್ಕ್‌ಶಾಪಿನ ಮಾಲಕರು ನನ್ನ ವಯಸ್ಸು ಕೇಳಲಿಲ್ಲ, ಉಸುಕು ಕೊಟ್ಟು 'ನೋಡ್ರಿ' ಅಂದರು. ಪಗಾರ ಮೊದಲಿನಷ್ಟಿಲ್ಲ. ಆ ಸಾಫ್ಟ್‌ವೇರನ್ನು ಅವರ ಮಗನ ಹತ್ತಿರ ಕಲಿತೆ. ಎರಡೇ ತಿಂಗಳು ಹಿಡಿಯಿತು.

ಒಂದೇ ಒಂದು ಕೇಳುತ್ತೇನೆ. ಬದಿಗಿಟ್ಟ ಆ ಅರ್ಜಿಗಳು ಇನ್ನೂ ನಿನ್ನ ಹತ್ತಿರ ಇದ್ದರೆ ಮತ್ತೆ ತೆಗೆದು ಓದು. ಹುಟ್ಟಿದ ವರ್ಷದ ಮೇಲೆ ಬೆರಳು ಇಟ್ಟುಕೊಂಡು ಓದು. ಯಾರನ್ನೂ ತೆಗೆದುಕೊಳ್ಳಲೇಬೇಕು ಅನ್ನುತ್ತಿಲ್ಲ. ನಿನ್ನ ಮೇಲಿನವರು ಒಪ್ಪದಿದ್ದರೆ, ಈ ಕೆಲಸಕ್ಕೆ 40 ಯಾಕೆ ಅಡ್ಡಿ ಅಂತ ಒಂದು ಸಾಲು ಇ-ಮೇಲಿನಲ್ಲಿ ಕೇಳು. ಹೊಸ ಹುಡುಗಿ, ಹೇಗೆ ಕೇಳಲಿ ಅಂತ ಹೆದರಿಕೆ ಆಗುತ್ತದೆ. ಅದು ನನಗೂ ಗೊತ್ತು. ಹೇಗೆ ಬರೆಯಬೇಕು ಅಂತ ಫೋನ್ ಮಾಡು, ಇಬ್ಬರೂ ಕೂತು ಬರೆಯೋಣ. ಈ ಸಲ ಬೇಗ ಇಡುವುದಿಲ್ಲ.

ಪುಣೆಗೆ ಬರುತ್ತಿರುವ ಪಕ್ಕದ ಮನೆಯವರ ಕೈಯಲ್ಲಿ ಕುಂದಾ ಕಳಿಸಿದ್ದೇನೆ. ಇದರ ಜೊತೆ ಆ ರಾಜೀನಾಮೆಯ ಝೆರಾಕ್ಸ್ ಇದೆ. ಕೆಳಗಿನ ತಾರೀಖು, ಸಹಿ ನನ್ನ ಕೈಬರಹ. ಕಾರಣ ಅಂತ ಇರುವ ಸಾಲು ನನ್ನದಲ್ಲ.

ನಿನ್ನ
ಅಪ್ಪ