ಬಾವಿಯಿಂದ ಶುರು ಮಾಡು

ಪ್ರೀತಿಯ ತಂಗಿ,

ನಿನ್ನ ಪ್ರಾಗ್ ಬರಹ ತಲುಪಿತು. ಎರಡು ಸಲ ಓದಿದೆ. ಆರುನೂರು ವರ್ಷದ ಹಿಂದೆ ಚರ್ಚಿನ ತಪ್ಪುಗಳನ್ನು ಎತ್ತಿ ಆಡಿದ ಪಾದ್ರಿ ಯಾನ್ ಹುಸ್ ಉಪದೇಶ ಮಾಡುತ್ತಿದ್ದ ಬೆತ್ಲೆಹೆಮ್ ಚಾಪೆಲ್ ಹುಡುಕಿಕೊಂಡು ಹೋಗಿದ್ದೀಯಲ್ಲ, ಅದೇ ಖುಷಿ. ಆದರೆ ಒಂದು ಸಾಲಿಗೆ ಬಂದು ನಿಂತುಬಿಟ್ಟೆ: 'ಯಾನ್ ಹುಸ್‌ನ ದನಿ ಕೇಳಿದ ಈ ಗೋಡೆಗಳ ನಡುವೆ ಮೈ ಜುಮ್ಮೆಂದಿತು.' ಯಾವ ಗೋಡೆ ಮಾರಾಯ್ತಿ?

ನೀನು ಕಂಡ ಕಟ್ಟಡದ ಬಹುಪಾಲು ನನಗಿಂತ ತುಸುವೇ ಹಿರಿಯದು. ಹಳೇ ಚಾಪೆಲನ್ನು 1786ರಲ್ಲಿ ಕೆಡವಿದರು. ಆ ಜಾಗದಲ್ಲಿ ವಾಸದ ಮನೆ ಎದ್ದಿತು. ಎಷ್ಟೋ ಕಾಲದ ಮೇಲೆ ಕೆದಕಿ ನೋಡಿದರೆ, ಅಕ್ಕಪಕ್ಕದ ಮನೆಗಳ ಗೋಡೆಯೊಳಗೇ ಚಾಪೆಲಿನ ಗೋಡೆಗಳು ಅಷ್ಟಿಷ್ಟು ಉಳಿದುಕೊಂಡಿದ್ದವು. ಅವನ್ನೇ ಹಿಡಿದುಕೊಂಡು, ಹಳೇ ಚಿತ್ರಗಳನ್ನು ನೋಡಿಕೊಂಡು, ಯಾರೋಸ್ಲಾವ್ ಫ್ರಾಗ್ನರ್ ಎಂಬ ವಾಸ್ತುಶಿಲ್ಪಿ 1950ರಿಂದ 1954ರ ಒಳಗೆ ಮತ್ತೆ ಕಟ್ಟಿದರು. ಕಟ್ಟಿಸಿದ್ದು ಯಾರು ಗೊತ್ತಲ್ವಾ? ದೇವರ ಸಹವಾಸವೇ ಬೇಡ ಅನ್ನುವ ಕಮ್ಯುನಿಸ್ಟ್ ಸರ್ಕಾರ. ಅವರ ಕಣ್ಣಿಗೆ ಹುಸ್ ಪಾದ್ರಿಗಿಂತ ಜಾಸ್ತಿ ಬಡವರ ಪರ ನಿಂತ ಹೋರಾಟಗಾರ. ಇಷ್ಟು ರುಚಿಯಾದ ಸಂಗತಿ ಕೈಯಲ್ಲಿರುವಾಗ ಮೈ ಯಾಕೆ ಜುಮ್ಮೆನ್ನಿಸಿಕೊಳ್ಳುತ್ತೀಯ?

ಬೈತಿಲ್ಲ. ನಾನೂ ಇದೇ ಹಳ್ಳಕ್ಕೆ ಬಿದ್ದವನು. ಮೊದಲ ಸಲ ಹೋಗಿ ಬಂದು, 'ಹುಸ್ ನಿಂತು ಮಾತಾಡಿದ ಅದೇ ಮರದ ಪೀಠ' ಎಂದು ಬರೆದೆ. ಅಚ್ಚೂ ಆಯಿತು. ಓದುಗರೊಬ್ಬರಿಂದ ಒಂದು ಕಾರ್ಡು ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು: 'ಸ್ವಾಮಿ, ಅದು ಹೊಸದು.' ಆ ಕಾರ್ಡು ಇನ್ನೂ ನನ್ನ ಡ್ರಾಯರಿನಲ್ಲಿದೆ.

ಹಾಗಂತ ಹಳೇದು ಏನೂ ಇಲ್ಲ ಅಂತಲ್ಲ. ಒಳಗೆ ಬಾವಿ ಇದೆಯಲ್ಲ, ಅದಕ್ಕೆ ನೀನು ಕೊಟ್ಟಿರುವುದು ಅರ್ಧ ಸಾಲು. ನನ್ನ ಮಾತು ಕೇಳುವುದಾದರೆ ಅಲ್ಲಿಂದಲೇ ಶುರು ಮಾಡು. ಪ್ರಾರ್ಥನೆಗೆ ಸೇರುವ ಜಾಗದ ಒಳಗೇ ನೀರಿನ ಬಾವಿ! ಇದನ್ನು ಕಂಡ ಮೇಲೆ ಇದು ಯಾರಿಗಾಗಿ ಕಟ್ಟಿದ್ದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. 1391ರಲ್ಲಿ ಇದನ್ನು ಶುರು ಮಾಡಿದ್ದು ಒಬ್ಬ ವ್ಯಾಪಾರಿ, ಒಬ್ಬ ಆಸ್ಥಾನದವನು. ಮುಖ್ಯ ಷರತ್ತು: ಇಲ್ಲಿ ಉಪದೇಶ ಚೆಕ್ ಮಾತಿನಲ್ಲೇ ಆಗಬೇಕು. ಚಾಪೆಲ್ ಅಂದಕೂಡಲೇ ಸಣ್ಣ ಗುಡಿ ಎಂದುಕೊಳ್ಳುವವರಿಗೆ ಹೇಳು, ಒಳಗೆ ಸುಮಾರು 3000 ಜನ ಹಿಡಿಯುತ್ತಿತ್ತು. 1402ರಿಂದ ಹತ್ತು ವರ್ಷ ಹುಸ್ ಅವರೆದುರು ಮಾತಾಡಿದ.

ಆಮೇಲೆ ಗೋಡೆಯ ಬರಹ. ಅಲ್ಲೊಂದು ಚೂರು, ಇಲ್ಲೊಂದು ಚೂರು. ಸುಣ್ಣದ ಗೋಡೆಯಲ್ಲಿ ಅರ್ಧ ಸವೆದ ಅಕ್ಷರಗಳು. ಚರ್ಚಿನ ಆರು ತಪ್ಪುಗಳ ಬಗ್ಗೆ ಹುಸ್ ಬರೆದದ್ದನ್ನು ಗೋಡೆಗೇ ಏರಿಸಿದ್ದರು, ಅದರ ಉಳಿಕೆಯೂ ಇದರಲ್ಲಿದೆ. ತಮಾಷೆ ಏನೆಂದರೆ ಆ ಬರಹ ಲ್ಯಾಟಿನ್! ಬಾಯಿಮಾತು ಚೆಕ್‌ನಲ್ಲಿ, ಗೋಡೆಮಾತು ಪಂಡಿತರ ಭಾಷೆಯಲ್ಲಿ. ಇದನ್ನು ಮುಚ್ಚಿಡಬೇಡ, ನಿನ್ನ ಹುಸ್‌ಗೆ ಇದರಿಂದಲೇ ಜೀವ ಬರುತ್ತದೆ. ಲ್ಯಾಟಿನ್ ಲಿಪಿಯಲ್ಲಿ ಚೆಕ್ ಬರೆಯುವಾಗ ಎರಡೆರಡು ಅಕ್ಷರ ಜೋಡಿಸುವ ತಾಪತ್ರಯ ಬೇಡ, ಅಕ್ಷರದ ತಲೆ ಮೇಲೊಂದು ಚುಕ್ಕಿ ಇಟ್ಟರೆ ಸಾಕು ಎಂದು ಹೇಳುವ ಕಿರುಪುಸ್ತಕವೊಂದು ಇವನ ಹೆಸರಿನಲ್ಲೇ ಇದೆ. ಬರೆದದ್ದು ಇವನೇ ಹೌದೋ ಅಲ್ಲವೋ ಎಂದು ವಿದ್ವಾಂಸರು ಜಗಳಾಡುತ್ತಾರೆ. 'ಇವನದೆನ್ನುತ್ತಾರೆ' ಎಂದು ಬರೆದರೆ ಸಾಕು.

1415ರ ಜುಲೈ 6ರಂದು ಈಗಿನ ಜರ್ಮನಿಯ ಊರಾದ ಕಾನ್‌ಸ್ಟಾನ್ಸ್‌ನಲ್ಲಿ ಧರ್ಮದ್ರೋಹಿ ಎಂದು ಅವನನ್ನು ಸುಟ್ಟರು. ನೀನು ಇದಕ್ಕೆ ಒಂದೂವರೆ ಪುಟ ಕೊಟ್ಟಿದ್ದೀಯ. ಬೆಂಕಿ, ಹೊಗೆ, ಆಕಾಶ, ಎಲ್ಲಾ ಇದೆ. ಕಾನ್‌ಸ್ಟಾನ್ಸ್‌ಗೆ ನೀನು ಹೋಗೇ ಇಲ್ಲ! ಎರಡು ಸಾಲಿಗೆ ಇಳಿಸು. ಅದರ ಬದಲು 1412ರ ಆ ಮೂವರು ಹುಡುಗರ ಬಗ್ಗೆ ಬರೆ. ಪಾಪ ಕಳೆಯುವ ಚೀಟಿಗಳ ಮಾರಾಟವನ್ನು ವಿರೋಧಿಸಿದ್ದಕ್ಕೆ ಪ್ರಾಗ್‌ನಲ್ಲಿ ಅವರ ತಲೆ ಕಡಿದರು. ಜನ ಹೆಣಗಳನ್ನು ಹೊತ್ತು ತಂದದ್ದು ಇದೇ ಚಾಪೆಲಿಗೆ, ಮಣ್ಣು ಮಾಡಿದ್ದೂ ಇಲ್ಲೇ. ನೀನು ನಿಂತ ಜಾಗದ ಕಥೆ ಇದು.

ಇನ್ನೊಂದು. ಎರಡನೇ ಪ್ಯಾರಾದಲ್ಲೇ ಬಸವಣ್ಣನವರನ್ನು ಕರೆತಂದಿದ್ದೀಯ. ಆಡುಮಾತಿನಲ್ಲಿ ಧರ್ಮ ಹೇಳಿದರು ಎಂಬ ಹೋಲಿಕೆ ನನಗೂ ಹೊಳೆದಿತ್ತು, ಯಾವ ಕನ್ನಡಿಗನಿಗೆ ಹೊಳೆಯಲ್ಲ ಹೇಳು? ಆದರೆ ಓದುಗನಿಗೆ ತಾನೇ ಕಂಡುಕೊಳ್ಳುವ ಸುಖ ಇರಲಿ. ನೀನು ಸುಮ್ನಿರು.

ತಿದ್ದಿದ ಪ್ರತಿ ಯಾವಾಗ ಬೇಕಾದರೂ ಕಳಿಸು, ಅವಸರ ಇಲ್ಲ. ಬಾವಿಯ ಹತ್ತಿರದಿಂದ ತೆಗೆದ ಫೋಟೋ ಇದ್ದರೆ ಅದನ್ನೂ ಕಳಿಸು. ನಾನು ತೆಗೆದದ್ದರಲ್ಲಿ ಯಾರದೋ ಕೊಡೆ ಅಡ್ಡ ಬಂದಿದೆ.

ನಿನ್ನ,
ಅಣ್ಣ