ಅತ್ತಿಗೆಗೆ, ಮತ್ತು ಜೊತೆಗಿದ್ದ ಎಲ್ಲರಿಗೂ

ಮಾನಸಿಕ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದು ಬಂದು, ಸೋಮವಾರದಿಂದ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಏಳನೇ ಕ್ಲಾಸಿನ ಗಣಿತ ವಾಪಸ್ ನನಗೇ ಸಿಕ್ಕಿದೆ. ಏನಾಗಿತ್ತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು.

ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡ ಟೀಚರುಗಳು, ದುಡ್ಡಿನ ಚಿಂತೆ ನನ್ನ ತನಕ ಬರದಂತೆ ನೋಡಿಕೊಂಡ ಅಣ್ಣ, ಮಾತ್ರೆಯಿಂದ ಬರುವ ನಡುಕ, ಮಂಪರಿನ ಬಗ್ಗೆ ಕೇಳಿದಾಗಲೆಲ್ಲ ಬಿಡಿಸಿ ಹೇಳಿದ ಡಾಕ್ಟರು, ನರ್ಸುಗಳು, ಎಲ್ಲರಿಗೂ ಮನಸಾರೆ ವಂದನೆ.

ಇನ್ನು ಅತ್ತಿಗೆ.

ವಾರ್ಡಿನಲ್ಲಿ ಮನೆಯವರೊಬ್ಬರು ಜೊತೆಗಿರಬೇಕಿತ್ತು. ಅತ್ತಿಗೆ ಬ್ಯಾಗ್ ಹಿಡಿದು ಬಂದರು. ಒಂದು ರಾತ್ರಿ ಕಿವಿಯಲ್ಲಿ ಮಾತು ನಿಲ್ಲಲೇ ಇಲ್ಲ. ತೀರಿಹೋದ ಅಪ್ಪನ ದನಿ. ಇವಳು ಅನ್ನದಲ್ಲಿ ಏನೋ ಬೆರೆಸಿದ್ದಾಳೆ ಅನ್ನುತ್ತಿತ್ತು. ನಾನು ಗೋಡೆಗೆ ಅಂಟಿ ಕೂತು, ಹತ್ತಿರ ಬರಬೇಡಿ ಅಂತ ಕಿರುಚಿದೆ. ಅತ್ತಿಗೆ ವಾದ ಮಾಡಲಿಲ್ಲ. ಸುಮ್ನೆ ಹೂಂಗುಟ್ಟಲೂ ಇಲ್ಲ. “ನಿಂಗೆ ಕೇಳಿಸ್ತಿದೆ, ನಂಗೆ ಕೇಳಿಸ್ತಿಲ್ಲ ಕಣೇ. ನಿಂಗೆ ಎಷ್ಟು ಭಯ ಆಗ್ತಿದೆ ಅನ್ನೋದು ಕಾಣ್ತಿದೆ” ಅಂದರು. ನರ್ಸನ್ನು ಕರೆದರು. ಆಮೇಲೆ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತವರು ಬೆಳಗಿನ ತನಕ ಏಳಲಿಲ್ಲ.

ಅಪ್ಪನ ದನಿ ಮತ್ತೆ ಕೇಳಿದ್ದಕ್ಕೆ ಒಳಗೆಲ್ಲೋ ಖುಷಿಯೂ ಇತ್ತು. ಮಾತ್ರೆ ಕೆಲಸ ಮಾಡಿತು, ದನಿ ಹೋಯಿತು. ಅಪ್ಪ ಇನ್ನೊಂದು ಸಲ ಹೋದರು. ಇದಕ್ಕೆ ಅಳುವುದೋ, ಸಮಾಧಾನಪಡುವುದೋ ಗೊತ್ತಾಗದೆ ಒದ್ದಾಡಿದೆ. ಆಗ ಹೇಳಿಕೊಂಡಿದ್ದು ಅತ್ತಿಗೆಯ ಹತ್ತಿರ ಮಾತ್ರ.

ಹುಷಾರಾಗುತ್ತಾ ಬಂದ ಮೇಲೆ ಒಂದಿಷ್ಟು ಓದಿದೆ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ರೋಗಿಯನ್ನು ಮನೆಯಿಂದ, ಊರಿನಿಂದ ದೂರ ಇಡುವುದೇ ರೂಢಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲೇ ಟೆಂಟ್ ಹಾಕಿಸಿ, ರೋಗಿಗಳ ಮನೆಯವರನ್ನೂ ಉಳಿಸಿಕೊಂಡರು. ಕಾಯಿಲೆ ಎಂಥದ್ದು, ಹೇಗೆ ನೋಡಿಕೊಳ್ಳಬೇಕು ಅಂತ ತಿಳಿಸಿಕೊಟ್ಟರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ (ಸಿಎಂಸಿ) ಆಸ್ಪತ್ರೆಯಲ್ಲೂ ಅದೇ ದಶಕದಲ್ಲಿ ಮನೆಯವರನ್ನು ಜೊತೆಗಿರಿಸಿಕೊಂಡರು. ಮುಂದೆ ನಮ್ಮ ನಿಮ್ಹಾನ್ಸ್‌ನಲ್ಲೂ ಇದು ಬಂತು. ಇನ್ನೊಂದು ಕಡೆ, 1952ರಲ್ಲಿ ಪ್ಯಾರಿಸ್‌ನ ಡಾಕ್ಟರುಗಳು ಕ್ಲೋರ್‌ಪ್ರೊಮಜೀನ್ ಅನ್ನುವ ಔಷಧಿಯನ್ನು ಇಂಥ ಕಾಯಿಲೆಗೆ ಕೊಟ್ಟು ನೋಡಿದರು. ನಾನು ನುಂಗುವ ಮಾತ್ರೆಯ ವಂಶ ಶುರುವಾಗುವುದು ಅಲ್ಲಿಂದ. ನನ್ನನ್ನು ಉಳಿಸಿದ ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು, ಅಲ್ವಾ? ಮಾತ್ರೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆ ಟೆಂಟುಗಳಲ್ಲಿ ರಾತ್ರಿಯಿಡೀ ಕೂತಿದ್ದ ಅಮ್ಮಂದಿರು, ಅತ್ತಿಗೆಯರ ಹೆಸರು ನನಗೆಲ್ಲೂ ಸಿಗಲಿಲ್ಲ. ಸಿಗಬೇಕಿತ್ತು.

ಅತ್ತಿಗೆ, ನೀವು ಇದನ್ನು ಓದಿ ಬೈತೀರಿ, ಗೊತ್ತು. ಆ ನೆಲದ ಮೇಲೆ ಮಲಗಿ ಜಾಸ್ತಿಯಾದ ಸೊಂಟನೋವನ್ನು ಇನ್ನೂ ಡಾಕ್ಟರಿಗೆ ತೋರಿಸಿಲ್ಲ. ಗುರುವಾರ ಸಂಜೆಗೆ ಟೋಕನ್ ತೆಗೆದುಕೊಂಡಿದ್ದೇನೆ. ಶಾಲೆ ಮುಗಿಸಿ ಬರ್ತೀನಿ, ಇಬ್ಬರೂ ಹೋಗೋಣ.