ರಬ್ಬರ್ ಬುಶ್ ಬೇರೆ, ಬ್ಯಾಲೆನ್ಸರ್ ಬೇರೆ

ಸಂಪಾದಕರಿಗೆ ನಮಸ್ಕಾರ.

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರಿಗೆ ನಿಮ್ಮ ವಾಹನ ಪುಟದಲ್ಲಿ ಕಳೆದ ವಾರ ಬಂದ ಸಲಹೆಗಳನ್ನು ಓದಿದೆ. ಉಪಯೋಗದ ಬರಹ. ಆದರೆ ಎಂಜಿನ್ ರಬ್ಬರ್ ಮೇಲೆ ಕೂತಿದ್ದರೂ ಒಂದೇ, ಒಳಗೆ ನಡುಕ ಇಳಿಸುವ ಬ್ಯಾಲೆನ್ಸರ್ ಇದ್ದರೂ ಒಂದೇ, ಓಡಿಸುವಾಗ ನಡುಕ ಇಲ್ಲದಿದ್ದರೆ ಸಾಕು ಎಂದು ಬರೆದದ್ದು ಸರಿಯಲ್ಲ. ನಾನು ಬದಿಯಡ್ಕದಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸುವವಳು. ಈ ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ದುಡ್ಡು ಕಳೆದುಕೊಂಡವರನ್ನು ನೋಡುತ್ತಲೇ ಇರುತ್ತೇನೆ.

ಸಿಂಗಲ್ ಸಿಲಿಂಡರ್ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಪಿಸ್ಟನ್ ಅಷ್ಟೇ ಸಲ ಮೇಲೆ ಹೋಗಿ, ಅಷ್ಟೇ ಸಲ ಕೆಳಗೆ ಬರುತ್ತದೆ. ತುದಿ ಮುಟ್ಟಿ ತಿರುಗುವಾಗಲೆಲ್ಲ ಇಡೀ ಎಂಜಿನ್ನನ್ನು ಜಗ್ಗುತ್ತದೆ. ಸುತ್ತು ಎರಡು ಪಟ್ಟಾದರೆ ಈ ಜಗ್ಗಾಟ ನಾಲ್ಕು ಪಟ್ಟು. ಪಿಸ್ಟನ್ನಿನ ಓಡಾಟವನ್ನು ತಿರುಗಾಟ ಮಾಡುವ ಕ್ರ್ಯಾಂಕ್ ಎಂಬ ದಂಡದ ಎದುರು ಬದಿಗೆ ತೂಕ ಇಟ್ಟರೆ ಆಯಿತಲ್ಲ ಎಂದು ಕೇಳಬಹುದು. ಪಿಸ್ಟನ್ನಿಗೆ ಪೂರ್ತಿ ಸಮ ತೂಕ ಇಟ್ಟರೆ ಮೇಲೆ ಕೆಳಗೆ ಆಗುತ್ತಿದ್ದ ನಡುಕ ಹಿಂದೆ ಮುಂದೆ ಆಗುತ್ತದೆ, ಅಷ್ಟೇ. ಅದಕ್ಕೇ ಸಾಮಾನ್ಯವಾಗಿ ಅರ್ಧದ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಉಳಿದರ್ಧವನ್ನು ಏನು ಮಾಡುವುದು ಎನ್ನುವಲ್ಲಿ ದಾರಿ ಎರಡಾಗುತ್ತದೆ.

ಬ್ಯಾಲೆನ್ಸರ್ ಎಂದರೆ ಒಂದು ಬದಿಗೆ ತೂಕ ಇರುವ ಸಣ್ಣ ಶಾಫ್ಟ್. ಕ್ರ್ಯಾಂಕಿನಷ್ಟೇ ವೇಗದಲ್ಲಿ, ಆದರೆ ಉಲ್ಟಾ ತಿರುಗುತ್ತದೆ. ಕ್ರ್ಯಾಂಕಿನದು, ಇದರದು, ಎರಡು ತೂಕಗಳೂ ಸೇರಿ ಪಿಸ್ಟನ್ನಿನ ಜಗ್ಗಾಟಕ್ಕೆ ಎದುರು ನಿಲ್ಲುತ್ತವೆ, ಅಡ್ಡ ಎಳೆತವನ್ನು ಪರಸ್ಪರ ಕಳೆದುಕೊಳ್ಳುತ್ತವೆ. ಮುಖ್ಯ ನಡುಕ ಎಂಜಿನ್ ಒಳಗೇ ಮುಗಿಯುತ್ತದೆ. ಸಣ್ಣದೊಂದು ಜುಮ್ಮೆನ್ನುವುದು ಉಳಿಯುತ್ತದೆ, ಅದು ಬೇರೆ ಲೆಕ್ಕ. ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯೋರ್ 350ಕ್ಕೆ ಹಾಕಿದ ಎಂಜಿನ್ನಿಗೆ ಬ್ಯಾಲೆನ್ಸರ್ ಇದೆ. ಅದೇ ಎಂಜಿನ್ 2021ರಲ್ಲಿ ಕ್ಲಾಸಿಕ್‌ಗೂ 2023ರಲ್ಲಿ ಬುಲೆಟ್‌ಗೂ ಬಂತು. ಹಳೇ ಬುಲೆಟ್ಟಿನಲ್ಲಿ ಮಂಗಳೂರಿಗೆ ಹೋಗಿ ಬಂದವರು ಹೊಸದನ್ನು ಒಮ್ಮೆ ಓಡಿಸಿದರೆ ಸಾಕು, ಅಂಗೈಗೇ ಗೊತ್ತಾಗುತ್ತದೆ.

ರಬ್ಬರ್ ಮಾಡುವ ಕೆಲಸ ಬೇರೆಯೇ. ಮಿಕ್ಸಿಯ ಅಡಿಗೆ ದಪ್ಪ ಬಟ್ಟೆ ಮಡಚಿ ಇಟ್ಟರೆ ಕಟ್ಟೆ ನಡುಗುವುದಿಲ್ಲ, ಆದರೆ ಮಿಕ್ಸಿ ನಡುಗುತ್ತಲೇ ಇರುತ್ತದೆ ಅಲ್ವಾ? ಇದೂ ಹಾಗೆ. ನಡುಕ ಫ್ರೇಮಿಗೆ ಹೋಗದಂತೆ ರಬ್ಬರ್ ತಡೆಯುತ್ತದೆ, ನಡುಕವನ್ನು ಕೊಲ್ಲುವುದಿಲ್ಲ. ಅದೂ ಎಲ್ಲ ವೇಗದಲ್ಲಿ ಒಂದೇ ರೀತಿ ಅಲ್ಲ. ನಿಧಾನ ಸುತ್ತಿನಲ್ಲಿ ಎಂಜಿನ್ ಕುಣಿಯುವುದು ಕಣ್ಣಿಗೇ ಕಾಣುತ್ತದೆ, ವೇಗ ಹಿಡಿದ ಮೇಲೆ ನುಣ್ಣಗಾಗುತ್ತದೆ.

ಇಂಗ್ಲೆಂಡಿನ ನಾರ್ಟನ್ ಕಂಪನಿ 1967ರಲ್ಲಿ ಕಮಾಂಡೋ ಬೈಕನ್ನು ತೋರಿಸಿದಾಗ ಎಂಜಿನ್, ಗೇರ್ ಬಾಕ್ಸ್, ಹಿಂದಿನ ಚಕ್ರದ ತೋಳು ಎಲ್ಲವನ್ನೂ ಒಂದೇ ಗುಂಪು ಮಾಡಿ ರಬ್ಬರ್ ಮೇಲೆ ಕೂರಿಸಿತ್ತು. ನನಗೆ ತುಂಬ ಮೆಚ್ಚುಗೆಯ ಕೆಲಸ ಅದು. ಆ ಗುಂಪು ಮೇಲೆ ಕೆಳಗೆ ಆಡಬಹುದು, ಅಡ್ಡಕ್ಕೆ ಆಡಬಾರದು. ಅದಕ್ಕಾಗಿ ಶಿಮ್ ಎಂಬ ತೆಳು ಬಿಲ್ಲೆ ಹಾಕಿ ಸಂದು ಅಳೆದು ಇಡಬೇಕಿತ್ತು. ಸಂದು ಜಾಸ್ತಿಯಾದರೆ ತಿರುವಿನಲ್ಲಿ ಬೈಕ್ ಓಲಾಡುತ್ತಿತ್ತು. ಹಾರ್ಲೆ ಕಂಪನಿ ಎರಡು ದಾರಿಯನ್ನೂ ಹಿಡಿದಿದೆ. ದೂರ ಓಡುವ ದೊಡ್ಡ ಬೈಕುಗಳಿಗೆ ರಬ್ಬರ್. 2000ದ ಸಾಫ್ಟೇಲ್ ಮಾದರಿಗೆ ಎರಡು ಬ್ಯಾಲೆನ್ಸರ್ ಶಾಫ್ಟ್ ಕೊಟ್ಟು ಎಂಜಿನ್ನನ್ನು ನೇರ ಫ್ರೇಮಿಗೇ ಬಿಗಿಯಿತು. ಬ್ಯಾಲೆನ್ಸರ್ ಇದ್ದರೆ ಈ ಲಾಭವೂ ಉಂಟು, ಎಂಜಿನ್ ಸೇರಿ ಫ್ರೇಮ್ ಇನ್ನಷ್ಟು ಗಟ್ಟಿಯಾಗುತ್ತದೆ.

ನಮ್ಮೂರಿಗೆ ಹಾರ್ಲೆ ಯಾಕೆ ಎಂದು ಕೇಳಬೇಡಿ. ಮನೆಮನೆಯ ಸ್ಕೂಟರಿನ ಎಂಜಿನ್ ಕೂತಿರುವುದೂ ರಬ್ಬರ್ ಬುಶ್ಶಿನ ಮೇಲೆಯೇ. ಹಿಂದಿನ ಚಕ್ರ ಎಂಜಿನ್ನಿಗೇ ಸೇರಿದ್ದರಿಂದ ಬುಶ್ ಸವೆದರೆ ಚಕ್ರವೂ ಆಡುತ್ತದೆ. ಪೆರ್ಲದ ಒಬ್ಬ ಅಡಿಕೆ ವ್ಯಾಪಾರಿಯ ಸ್ಕೂಟರ್ ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವುಗಳಲ್ಲಿ ಬಾಲ ಬೀಸುತ್ತಿತ್ತು. ಟಯರ್ ಬದಲಾಯಿಸಿದರು. ಶಾಕ್ ಅಬ್ಸಾರ್ಬರ್ ಬದಲಾಯಿಸಿದರು. ಕೊನೆಗೆ ನೋಡಿದರೆ ಬುಶ್ಶಿನ ರಬ್ಬರ್ ಹರಿದಿತ್ತು. ಇನ್ನು ಕೆಲವರು ರಬ್ಬರ್ ಪದೇ ಪದೇ ಹೋಗುತ್ತದೆ ಎಂದು ಲೇತಿನಲ್ಲಿ ಕಬ್ಬಿಣದ ಬುಶ್ ಮಾಡಿಸಿ ಹಾಕುತ್ತಾರೆ. ದಯವಿಟ್ಟು ಬೇಡ. ಆ ಫ್ರೇಮನ್ನು ಅಷ್ಟು ನಡುಕ ತಡೆಯಲು ಮಾಡಿಲ್ಲ. ಮೊದಲು ಬೋಲ್ಟು ಸಡಿಲವಾಗುತ್ತದೆ, ಆಮೇಲೆ ಬ್ರ್ಯಾಕೆಟ್ ಬಿರುಕು ಬಿಡುತ್ತದೆ. ರಬ್ಬರಿಗೆ ಬಿಸಿಯೂ ಎಂಜಿನ್ ಆಯಿಲೂ ಆಗುವುದಿಲ್ಲ. ಆಯಿಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಹೊಸ ಬುಶ್ ಹಾಕಿಸಿ.

ಬ್ಯಾಲೆನ್ಸರಿನ ತೊಂದರೆ ಬೇರೆ ತರಹದ್ದು. ಅದು ಸುಲಭಕ್ಕೆ ಸವೆಯುವುದಿಲ್ಲ. ಆದರೆ ಎಂಜಿನ್ ಬಿಚ್ಚಿ ಜೋಡಿಸುವಾಗ ಅದನ್ನು ತಿರುಗಿಸುವ ಗೇರುಗಳ ಮೇಲಿನ ಗುರುತು ಸರಿಯಾಗಿ ಕೂಡಬೇಕು. ಮುಳ್ಳೇರಿಯದ ಒಬ್ಬ ಹುಡುಗ ಹ್ಯಾಂಡಲ್ ನಡುಗುತ್ತದೆ ಎಂದು ದಪ್ಪ ಗ್ರಿಪ್ ಕೇಳಿಕೊಂಡು ನಮ್ಮಲ್ಲಿಗೆ ಬಂದಿದ್ದ. ಎಂಜಿನ್ ಬಿಚ್ಚಿಸಿದ ಮೇಲೆ ಶುರುವಾಯಿತು ಅಂದ. ಗ್ರಿಪ್ ಕೊಡಲಿಲ್ಲ, ಗುರುತು ನೋಡಿಸು ಎಂದು ಕಳಿಸಿದೆ. ಬ್ಯಾಲೆನ್ಸರ್ ಗೇರ್ ಒಂದು ಹಲ್ಲು ತಪ್ಪಿ ಕೂತಿತ್ತು.

ಹಾಗಾಗಿ ಮುಂದಿನ ವಾಹನ ಪುಟದಲ್ಲಿ ಆ ಒಂದು ಸಾಲನ್ನು ತಿದ್ದಿ. ಜೊತೆಗೆ ಇಷ್ಟನ್ನು ಸೇರಿಸಿ. ರಬ್ಬರ್ ಮೇಲೆ ಕೂತ ಎಂಜಿನ್ ಆದರೆ ಬುಶ್ಶನ್ನು ಟಾರ್ಚ್ ಹಾಕಿ ನೋಡಿ. ಸ್ಕೂಟರಾದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲುಗಿಸಿ. ಬ್ಯಾಲೆನ್ಸರ್ ಇರುವ ಬೈಕಾದರೆ ಎಂಜಿನ್ ಯಾವಾಗಲಾದರೂ ಬಿಚ್ಚಿದ್ದಾರಾ, ಯಾರು ಬಿಚ್ಚಿದ್ದು ಎಂದು ಮಾರುವವರನ್ನೇ ಕೇಳಿ.

– ಬಿಡಿಭಾಗದ ಅಂಗಡಿಯವಳು, ಬದಿಯಡ್ಕ, ಕಾಸರಗೋಡು